ಪೂಜೆಗೆ ಕೂತ ಅವ್ವನ ನಿದ್ದೆ

ನಮ್ಮವ್ವ ಪೂಜೆಗೆ ಕೂತಾಗ ನಿದ್ದೆ ಮಾಡುತ್ತಿದ್ದಳು. ಧ್ಯಾನವಲ್ಲ, ನಿದ್ದೆ. ಹೊನ್ನಾಳಿಯ ನಮ್ಮ ಬೀದಿಯಲ್ಲಿ ಈಗಲೂ ಒಂದಿಬ್ಬರು ಮುದುಕಿಯರು ಸಿಕ್ಕರೆ ನನ್ನ ಕೈ ಹಿಡಿದುಕೊಂಡು, "ನಿಮ್ಮವ್ವ ಅಂದ್ರೆ ಏನಂತ ತಿಳ್ಕಂಡಿ? ಲಿಂಗ ಕೈಗೆ ಬಂತು ಅಂದ್ರೆ ಲೋಕನೇ ಮರೆಯೋಳು" ಎನ್ನುತ್ತಾರೆ. ನಾನು ಹೂಂ ಎಂದು ಮುಂದೆ ಹೋಗುತ್ತೇನೆ. ಅವರ ಜೊತೆ ವಾದ ಮಾಡುವ ಕಸುವು ನನಗೆ ಆಗಲೂ ಇರಲಿಲ್ಲ, ಈಗಂತೂ ಇಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪನದು ಭತ್ತದ ವ್ಯಾಪಾರ. ಅಣ್ಣ ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ, ಅತ್ತಿಗೆ ಚನ್ನಗಿರಿಯವಳು. ನನ್ನನ್ನು ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಕೊಟ್ಟಿದ್ದರು. ಮನೆ ಹಿಂದೆ ಹೊಳೆ ಕಂಡು ಬೆಳೆದವಳನ್ನು ಕೊಡ ಹಿಡಿದು ಬೋರಿನ ಮುಂದೆ ಪಾಳಿ ನಿಲ್ಲುವ ಊರಿಗೆ ಕೊಟ್ಟರಲ್ಲ ಎಂದು ಮೊದಮೊದಲು ಸಿಟ್ಟಿತ್ತು, ಆಮೇಲೆ ಅಭ್ಯಾಸವಾಯಿತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಅವ್ವನಿಗೆ ಐವತ್ತು ಹತ್ತಿರವಾಗಿತ್ತು. ಮುಟ್ಟು ನಿಂತಿತ್ತು. ನಮ್ಮ ಮನೆಯಲ್ಲಿ ಇಂಥ ಸುದ್ದಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನನಗೆ ಎರೆಯುವಾಗ ನೀರು ಹೊಯ್ಯುತ್ತಾ, "ನಂದು ಮುಗೀತು ನೋಡವ್ವ, ಇನ್ನು ನಿಂದು" ಎಂದಳು, ಅಷ್ಟೇ. ಸುಮ್ಮನೆ ಕೂತಲ್ಲೇ ಅವಳ ಮೈ ಕಾದು ಬೆವರು ಹರಿಯುತ್ತಿತ್ತು. ಕೆಲಸ ಬಿಟ್ಟು ಹಿತ್ತಲ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುವಳು. ಅತ್ತಿಗೆ ಅದನ್ನು ಸೋಂಬೇರಿತನ ಎನ್ನಲಿಲ್ಲ, ಆದರೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕಿ ನಾವಿಬ್ಬರೂ ಬಾಣಂತಿ ಕೋಣೆಯಲ್ಲಿ ಅಡ್ಡಾಗುತ್ತಿದ್ದೆವು. ಅವ್ವ ತಲೆ ಇಟ್ಟ ಕೂಡಲೇ ಗೊರಕೆ ಶುರುವಾಗುತ್ತಿತ್ತು. ಜಂತೆ ಅದುರುವಂಥ ಗೊರಕೆ. ಅದು ಏರಿ ಏರಿ ಒಮ್ಮೆಗೇ ನಿಂತುಬಿಡುವುದು. ಗೊರಕೆ ಮಾತ್ರವಲ್ಲ, ಉಸಿರೇ ನಿಲ್ಲುವುದು. ಎದೆ ಅಲ್ಲಾಡುತ್ತಿರಲಿಲ್ಲ. ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗುವುದು, ಹಿತ್ತಲಲ್ಲಿ ಬಟ್ಟೆ ಒಗೆಯುವುದು ಎಲ್ಲ ಕೇಳಿಸುತ್ತಿತ್ತು, ಅವ್ವನ ಉಸಿರು ಒಂದನ್ನು ಬಿಟ್ಟು. ನಾನು ಎದ್ದು ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಆಮೇಲೆ, ಹೊಳೆಯಲ್ಲಿ ಮುಳುಗು ಹಾಕಿದವರು ಮೇಲೆದ್ದು ಬಾಯಿ ತೆರೆದು ಉಸಿರೆಳೆಯುವ ಹಾಗೆ, ಹಾ ಎಂದು ಎಳೆದುಕೊಳ್ಳುವಳು. ಅರ್ಧ ಎಚ್ಚರಾಗಿ ಮಗ್ಗುಲು ಬದಲಿಸುವಳು. ಮತ್ತೆ ಗೊರಕೆ, ಮತ್ತೆ ನಿಲ್ಲುವುದು.

"ಅವ್ವ, ನಿಂಗೆ ನಿದ್ದೇಲಿ ಉಸಿರು ನಿಲ್ತೈತೆ" ಎಂದೆ ಒಂದು ದಿನ.

"ಉಸಿರು ನಿಂತ್ರೆ ಎದ್ದು ನಿಂಗೆ ಪಥ್ಯದ ಅನ್ನ ಮಾಡಾಕೆ ಆಗ್ತಿತ್ತಾ? ಸುಮ್ನಿರು."

ಗೊರಕೆ ಎಂದರೆ ನಮ್ಮ ಕಡೆ ಸುಖನಿದ್ದೆಯ ಗುರುತು. ಎದುರುಮನೆಯ ಅಜ್ಜಿ ಬಂದವಳು ಬಾಗಿಲಲ್ಲೇ ನಿಂತು, "ಪುಣ್ಯಾತ್ಗಿತ್ತಿ, ಏನ್ ನೆಮ್ದಿ ನಿದ್ದೆ ನೋಡು, ನಮಗೆಲ್ಲೈತೆ ಆ ಯೋಗ" ಎಂದು ಹೊಟ್ಟೆಕಿಚ್ಚುಪಟ್ಟು ಹೋಗುತ್ತಿದ್ದಳು. ನೆಮ್ಮದಿಯ ನಿದ್ದೆ ಮಾಡಿದವಳು ಎದ್ದಾಗ ಮುಖ ಊದಿ, ತಲೆ ಸಿಡಿದು, ಬಾಯಿ ಒಣಗಿ, ನಿದ್ದೆ ಸಾಲದು ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಳ್ಳಲು ಅಜ್ಜಿ ನಿಲ್ಲುತ್ತಿರಲಿಲ್ಲ.

ಬರಬರುತ್ತಾ ಅವ್ವನಿಗೆ ಮಲಗುವುದೇ ಕಷ್ಟವಾಯಿತು. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ ಎನ್ನುತ್ತಿದ್ದಳು. ಸುತ್ತಿದ ಹಾಸಿಗೆಗೆ ಬೆನ್ನು ಕೊಟ್ಟು ಕೂತೇ ರಾತ್ರಿ ಕಳೆಯತೊಡಗಿದಳು. ಹಗಲು ಎಲ್ಲೆಂದರಲ್ಲಿ ತೂಗುವಳು. ಮೊರದಲ್ಲಿ ಅಕ್ಕಿ ಆರಿಸುತ್ತಾ ಬೆರಳು ಅಕ್ಕಿಯಲ್ಲೇ ನಿಂತಿರುವುದು. ಒಮ್ಮೆ ನ್ಯಾಮತಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆಂದು ಬಸ್ಸು ಹತ್ತಿದವಳು ನ್ಯಾಮತಿ ದಾಟಿದ್ದೂ ತಿಳಿಯದೆ ಸವಳಂಗದಲ್ಲಿ ಕಂಡಕ್ಟರು ಎಬ್ಬಿಸಿದಾಗ ಇಳಿದಳಂತೆ. ಕೈಯಲ್ಲಿ ಹೂವಿನ ಪೊಟ್ಟಣ ಬಾಡಿಹೋಗಿತ್ತು. ವಾಪಸು ಬಂದು ತಾನೇ ಹೇಳಿಕೊಂಡು ನಕ್ಕಳು. ಮನೆಯವರೆಲ್ಲ ನಕ್ಕರು. ಆಮೇಲೆ ಅವಳು ಎಲ್ಲಿಗೆ ಹೊರಟರೂ, "ಅತ್ತೆ, ಸವಳಂಗಕ್ಕಾ?" ಎಂದು ಅತ್ತಿಗೆ ತಮಾಷೆ ಮಾಡುವುದು ರೂಢಿಯಾಯಿತು. ಒಂದು ದಿನ ಅವ್ವ ನಗುವುದನ್ನು ಬಿಟ್ಟಳು. ಅವತ್ತಿನಿಂದ ತಮಾಷೆಯೂ ನಿಂತಿತು.

ಪೂಜೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹೆಣ್ಣು ಗಂಡು ಎನ್ನದೆ ಎಲ್ಲರ ಕೊರಳಲ್ಲೂ ಲಿಂಗ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅದನ್ನು ಎಡಗೈಯಲ್ಲಿಟ್ಟು, ನೀರೆರೆದು, ಪತ್ರೆ ಹೂವು ಏರಿಸಿ, ದೃಷ್ಟಿಯಿಟ್ಟು ಕೂತು ಎದ್ದ ಮೇಲೆಯೇ ಬಾಯಿಗೆ ನೀರು. ಪೂಜೆಗೆ ಕೂತವರನ್ನು ಮಾತಾಡಿಸಬಾರದು, ಮುಟ್ಟಬಾರದು. ಮನೆಗೆ ಬೆಂಕಿ ಬಿದ್ದರೂ ಅವರಾಗಿಯೇ ಏಳಬೇಕು ಎನ್ನುವಷ್ಟು ಕಟ್ಟುನಿಟ್ಟು. ಇನ್ನೊಂದು ದೊಡ್ಡ ಭಯವೆಂದರೆ ಕೈಯಲ್ಲಿರುವ ಲಿಂಗ ನೆಲಕ್ಕೆ ಬೀಳುವುದು. ಬಿದ್ದರೆ ಆ ಜೀವ ಇದ್ದೂ ಇಲ್ಲದ ಹಾಗೆ ಎಂದು ಹಿರಿಯರು ಹೇಳುತ್ತಿದ್ದರು. ಅವ್ವ ಅದನ್ನು ಅಕ್ಷರಶಃ ನಂಬಿದವಳು.

ಅಂಥವಳಿಗೆ ಪೂಜೆಯಲ್ಲೇ ನಿದ್ದೆ ಹತ್ತತೊಡಗಿತು. ಬಿಸಿನೀರಿನ ಸ್ನಾನ, ತಂಪು ಕೋಣೆ, ಕದಲದ ಮೈ, ಒಂದೇ ಕಡೆ ನಟ್ಟ ಕಣ್ಣು. ಚೆನ್ನಾಗಿ ನಿದ್ದೆ ಮಾಡಿದವರಿಗೇ ತೂಕಡಿಕೆ ಬರಬೇಕು, ಇವಳಿಗೆ ಹೇಗೆ ಬಾರದಿರುತ್ತದೆ? ಮುಂಚೆ ಬೇಗ ಮುಗಿಸಿ ಏಳುತ್ತಿದ್ದವಳು ಬಿಸಿಲು ಪಡಸಾಲೆಗೆ ಬರುವವರೆಗೂ ಕೂತಿರತೊಡಗಿದಳು. ಅತ್ತಿಗೆ ಬಾಗಿಲ ಸಂದಿಯಿಂದ ನೋಡಿದಳು. ಅತ್ತೆಯ ಕಣ್ಣು ಮುಚ್ಚಿದೆ, ಮೈ ಅಲ್ಲಾಡುತ್ತಿಲ್ಲ, ಉಸಿರೂ ಇಲ್ಲ. ಆಮೇಲೆ ಒಮ್ಮೆಗೇ ಹಾ ಎಂದು ಉಸಿರು. ಅತ್ತಿಗೆ ಅಲ್ಲೇ ಕೈ ಮುಗಿದಳಂತೆ. ಅವಳನ್ನು ನಾನು ದೂರುವುದಿಲ್ಲ. ಅವಳು ನಿಜವಾಗಿಯೂ ಹೆದರಿದ್ದಳು, ಭಕ್ತಿಯಿಂದ ಹೆದರಿದ್ದಳು. ಮನೆಗೆ ಭಿಕ್ಷಕ್ಕೆ ಬಂದ ಅಯ್ಯನೋರಿಗೂ ಹೇಳಿದಳು. ಅವರು ಒಂದು ದಿನ ಬಂದು, ದೂರದಿಂದ ನೋಡಿ, "ಉಸಿರು ಹಿಡಿಯೋದು ಸಣ್ ಮಾತಲ್ಲವ್ವ. ಸಂಸಾರದ ಗೋಜು ಮುಗಿದ ಹೆಣ್ಮಗಳಿಗೆ ಶಿವ ಹಿಂಗೆ ಒಲೀತಾನೆ" ಎಂದರು. ಮುಟ್ಟು ನಿಂತದ್ದಕ್ಕೂ ಶಿವ ಒಲಿದದ್ದಕ್ಕೂ ಹೀಗೆ ಸಂಬಂಧ ಕಟ್ಟಿದ ಮೇಲೆ ಬೀದಿಯ ಹೆಂಗಸರಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಮುಂದಿನ ಸಲ ನಾನು ತವರಿಗೆ ಬಂದಾಗ ಪಡಸಾಲೆಯಲ್ಲಿ ಹೆಂಗಸರು ಕೂತಿದ್ದರು. ಚನ್ನಗಿರಿಯಿಂದ ಅತ್ತಿಗೆಯ ತಾಯಿಯೂ ಬಂದಿದ್ದರು. ಬೀಗಿತ್ತಿ ಬೀಗಿತ್ತಿಯ ಕಾಲಿಗೆ ಬೀಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಕಾಲು ಹಿಂದೆಳೆದುಕೊಂಡು, "ಬ್ಯಾಡ್ರಿ, ನಿಮ್ ದಮ್ಮಯ್ಯ, ಬ್ಯಾಡ್ರಿ" ಎನ್ನುತ್ತಿದ್ದಳು. ಅದನ್ನೂ ಅವರು ವಿನಯ ಎಂದುಕೊಂಡರು.

ಎಲ್ಲರೂ ಹೋದ ಮೇಲೆ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು.

"ನೀನಾದ್ರೂ ನಂಬು. ನಂಗೆ ನಿದ್ದೆ ಕಣೇ. ಬರೀ ನಿದ್ದೆ."

"ಗೊತ್ತವ್ವ."

"ಹೇಳಿದ್ರೆ ಯಾರೂ ಕೇಳಾಕೆ ತಯಾರಿಲ್ಲ. ಹೇಳ್ದಂಗೆಲ್ಲ ದೊಡ್ಡೋಳ್ನ ಮಾಡ್ತಾರೆ. ನಿದ್ದೇಲಿ ಲಿಂಗ ಕೈಬಿಟ್ರೆ ನಾ ಏನ್ ಮಾಡ್ಲಿ? ನೀನು ಇರೋತನಕ ಬೆಳಿಗ್ಗೆ ನನ್ ಮುಂದೆ ಕುಂತ್ಕ. ಕೈ ವಾಲಿದ್ರೆ ಹಿಡ್ಕ."

ನಾನು ತವರಿನಲ್ಲಿದ್ದಷ್ಟು ದಿನ ಬೆಳಿಗ್ಗೆ ಅವಳೆದುರು ಕೂರುತ್ತಿದ್ದೆ. ಅವಳ ಅಂಗೈ ಕೆಳಗೆ ನನ್ನ ಅಂಗೈ, ಮುಟ್ಟದ ಹಾಗೆ. ಅವಳ ಕಣ್ಣು ಮುಚ್ಚುವುದು, ತಲೆ ಎದೆಗೆ ಇಳಿಯುವುದು, ಉಸಿರು ನಿಲ್ಲುವುದು. ನಾನು ಆ ಹಾ ಎಂಬ ಸದ್ದಿಗೆ ಕಾಯುವುದು. ಬಂದ ಮೇಲೆ ನಾನೂ ಉಸಿರು ಬಿಡುವುದು. ಭಕ್ತಿ ನನಗೆ ಅಷ್ಟಕ್ಕಷ್ಟೇ, ಆದರೆ ಅಷ್ಟು ಏಕಾಗ್ರತೆಯಿಂದ ನಾನು ಇನ್ನೇನನ್ನೂ ಕಾದಿಲ್ಲ. ನಾನು ಊರಿಗೆ ಹೊರಡುವ ಮುಂಚೆ ಅವಳು ಒಂದು ಉಪಾಯ ಕಂಡುಕೊಂಡಳು. ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟು ಅದರ ಮೇಲೆ ಕೈ ಇಡುವುದು, ಬೆನ್ನನ್ನು ಗೋಡೆಗೆ ಆನಿಸುವುದು. ಕೆಲವೇ ದಿನದಲ್ಲಿ ಬೀದಿಯ ಹೆಂಗಸರೂ ಪೂಜೆಗೆ ಟವೆಲು ಮಡಿಸತೊಡಗಿದರು. ಇದನ್ನು ಅತ್ತಿಗೆ ಹೇಳಿದಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಈ ನಡುವೆ ಅವ್ವನ ಕಾಲು ಊದತೊಡಗಿತು. ಹಿತ್ತಲಿನಿಂದ ಕೊಡ ತರುವುದರಲ್ಲಿ ಎರಡು ಸಲ ಕೂರುವಳು. ಎದೆ ಹಿಡಿದ ಹಾಗಾದರೆ ವಾಯು ಎಂದು ಓಂಕಾಳು ಅಗಿಯುವಳು. ನಾನು ಅಪ್ಪನ ಹಿಂದೆ ಬಿದ್ದು ದಾವಣಗೆರೆಯ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಪ್ಪ ಮಾತು ಕಡಿಮೆ, ಅಂಗಡಿ ಬಿಟ್ಟು ಸುಮ್ಮನೆ ಹಿಂದೆ ಬಂದ. ಡಾಕ್ಟರು ಬಿ.ಪಿ. ನೋಡಿದರು, ಜಾಸ್ತಿ ಇದೆ ಎಂದರು. ಕೇಳಬೇಕಾದ್ದನ್ನೆಲ್ಲ ಅಪ್ಪನನ್ನೇ ಕೇಳಿದರು. ಅವ್ವ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ತೂಗುತ್ತಿದ್ದಳು.

"ನಿದ್ದೇಲಿ ಉಸಿರು ನಿಲ್ತೈತ್ರಿ ಅವ್ವಂಗೆ" ಎಂದೆ ನಾನು.

ಡಾಕ್ಟರು ನಕ್ಕರು. "ಉಸಿರು ನಿಂತಿದ್ರೆ ಇಲ್ಲಿಗೆ ಹೆಂಗೆ ಬರ್ತಿದ್ರಮ್ಮ? ಮುಟ್ಟು ನಿಂತ ವಯಸ್ಸಲ್ಲಿ ಹೆಂಗಸರಿಗೆ ಇವೆಲ್ಲ ಮಾಮೂಲಿ. ಬೆವರೋದು, ಎದೆ ಡವಗುಟ್ಟೋದು, ನಿದ್ದೆ ಕೆಡೋದು."

ಅವ್ವ ಹೇಳಿದ ಮಾತನ್ನೇ ಡಾಕ್ಟರೂ ಹೇಳಿದ್ದರು, ಸ್ವಲ್ಪ ನಾಜೂಕಾಗಿ. ಉಪ್ಪು ಕಡಿಮೆ ಮಾಡಿ ಎಂದು, ನಿದ್ದೆ ಚೆನ್ನಾಗಿ ಬರಲೆಂದು ಸಣ್ಣ ಬಿಳಿ ಗುಳಿಗೆ ಕೊಟ್ಟರು. ಅದನ್ನು ನುಂಗಿದ ಮೇಲೆ ಅವ್ವ ಬೆಳಿಗ್ಗೆ ಎದ್ದರೆ ಕುಡಿದವರ ಹಾಗೆ ಓಲಾಡುತ್ತಿದ್ದಳಂತೆ. ಕೆಲವು ದಿನಕ್ಕೆ ಗುಳಿಗೆ ಡಬ್ಬಿ ಕಾಣೆಯಾಯಿತು. ಅಪ್ಪ ಹಿತ್ತಲಿಗೆ ಎಸೆದಿದ್ದ. ಯಾಕೆ ಎಂದರೆ, "ಬ್ಯಾಡ ಅದು, ಉಸಿರು ಭಾಳ ಹೊತ್ತು ಬರ್ತಿರ್ಲಿಲ್ಲ" ಎಂದನಂತೆ. ಅತ್ತಿಗೆ ಇದನ್ನು ನನಗೆ ಹೇಳಿದಾಗ ಮಾವನ ಸಿಟ್ಟಿನ ಕತೆಯೆಂದು ಹೇಳಿದಳು. ನಾನೂ ಹಾಗೆಯೇ ಕೇಳಿಸಿಕೊಂಡೆ.

ಅವ್ವನಿಗಿದ್ದ ಕಾಯಿಲೆಗೆ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ತೀರಾ ಈಚೆಗೆ, ನನಗೂ ಮುಟ್ಟು ನಿಂತು, ನನ್ನ ಗೊರಕೆಗೆ ಮೊಮ್ಮಕ್ಕಳು ನಕ್ಕ ಮೇಲೆ. ಮಲಗಿದಾಗ ಗಂಟಲು ಸಡಿಲವಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ, ಪ್ರತಿಸಲವೂ ಹೃದಯ ಗಾಬರಿಬಿದ್ದು ದುಡಿಯುತ್ತದೆ, ವರ್ಷಗಟ್ಟಲೆ ಹಾಗೆ ದುಡಿದು ಸೋಲುತ್ತದೆ, ಮುಟ್ಟು ನಿಂತ ಮೇಲೆ ಹೆಂಗಸರಿಗೆ ಇದು ಹೆಚ್ಚು, ಆದರೆ ಹೆಂಗಸರಲ್ಲಿ ಇದನ್ನು ಯಾರೂ ಹುಡುಕುವುದಿಲ್ಲ ಎಂದು ಡಾಕ್ಟರಮ್ಮ ಒಬ್ಬರು ಚಿತ್ರ ಬರೆದು ತೋರಿಸಿದರು. "ನಿಮ್ಮ ತಾಯಿಗೆ ಇತ್ತಾ?" ಎಂದು ಕೇಳಿದರು. ಇತ್ತು ಎಂದೆ. "ಏನಾಯ್ತು ಅವರಿಗೆ?" ಎಂದರು. ಪೂಜೆಯಲ್ಲಿ ಹೋದರು ಎಂದೆ. ಆ ಡಾಕ್ಟರಮ್ಮನೂ, "ಓ, ಪುಣ್ಯವಂತರು" ಎಂದರು.

ಎಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ಅವ್ವನನ್ನು ನಾನು ಕೊನೆಯ ಸಲ ಜೀವಂತ ನೋಡಿದಾಗ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಮೊಮ್ಮಗಳು ಚಾಪೆಯ ಮೇಲೆ ಕೈಕಾಲು ಬಿಟ್ಟು ಮಲಗಿದ್ದಳು. ಅವಳನ್ನೇ ನೋಡುತ್ತಾ ಅವ್ವ, "ನಂಗೆ ಇನ್ನೇನೂ ಬ್ಯಾಡ ಕಣೇ. ಒಂದ್ ದಿನ ಹಿಂಗೆ ಕಾಲು ಚಾಚಿ, ಯಾರೂ ಎಬ್ಬಿಸ್ದಂಗೆ ಮಲಗ್ಬೇಕು" ಎಂದಳು. ಎಬ್ಬಿಸುತ್ತಿದ್ದುದು ಯಾರೂ ಅಲ್ಲ, ಅವಳ ಉಸಿರೇ.

ಆ ಬೇಸಿಗೆಯಲ್ಲಿ ಮತ್ತೆ ಹೊರಟೆ. ಶೇಂಗಾ ಒಂದು ಚೀಲ ತುಂಬಿಕೊಂಡು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಬಂದಾಗ ಮಧ್ಯಾಹ್ನ. ಪಡಸಾಲೆಯಲ್ಲಿ ಹೆಂಗಸರು ಸದ್ದಿಲ್ಲದೆ ಕೂತಿದ್ದರು. ಎದುರುಮನೆಯ ಅಜ್ಜಿ ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದಳು. ಅಡುಗೆಮನೆಯಲ್ಲಿ ಮಾಡಿದ ಅಡುಗೆ ಆರಿಹೋಗಿತ್ತು.

"ಅತ್ತೆ ಇನ್ನೂ ಎದ್ದಿಲ್ಲ" ಎಂದಳು ಅತ್ತಿಗೆ ಪಿಸುಮಾತಿನಲ್ಲಿ. ಅವಳ ಕಣ್ಣು ಹೊಳೆಯುತ್ತಿತ್ತು. "ಬೆಳಿಗ್ಗೆ ಕುಂತೋರು. ಇಷ್ಟೊತ್ತು ಯಾವತ್ತೂ ಕುಂತಿರ್ಲಿಲ್ಲ. ನಾನು ಒಂದ್ಸಲ ನೋಡಾನ ಅಂದೆ, ಮಾವ ಯಾರೂ ಒಳಗೆ ಹೋಗಬ್ಯಾಡ್ರಿ ಅಂದ್ರು."

ಅಪ್ಪ ದೇವರ ಕೋಣೆಯ ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದ. ಅವತ್ತು ಅಂಗಡಿಗೆ ಹೋಗಿರಲಿಲ್ಲ. ಬಾಗಿಲು ಮುಂದಕ್ಕೆ ಮಾಡಿತ್ತು. ನನ್ನನ್ನು ನೋಡಿ, "ಮೆಲ್ಲಗೆ" ಎಂದ.

ಮೆಲ್ಲಗೆ ಬಾಗಿಲು ತೆರೆದೆ. ಊದುಬತ್ತಿ ಬೂದಿಯಾಗಿತ್ತು. ಅವ್ವ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ತಲೆ ಎದೆಗೆ ಇಳಿದಿತ್ತು. ತೊಡೆಯ ಮೇಲೆ ಮಡಿಸಿದ ಟವೆಲು, ಅದರ ಮೇಲೆ ಕೈ, ಕೈಯಲ್ಲಿ ಲಿಂಗ, ಲಿಂಗದ ಮೇಲೆ ಮುದುಡಿದ ಪತ್ರೆ. ಅಂಗೈಯ ನೀರು ಒಣಗಿತ್ತು. ನಾನು ಎಂದಿನಂತೆ ಅವಳೆದುರು ಕೂತೆ. ಅವಳ ಅಂಗೈ ಕೆಳಗೆ ನನ್ನ ಅಂಗೈ ಹಿಡಿದೆ. ಆ ಸದ್ದಿಗೆ ಕಾದೆ. ಬರುವುದಿಲ್ಲವೆಂದು ನೋಡಿದ ಕೂಡಲೇ ಗೊತ್ತಾಗಿತ್ತು, ಆದರೂ ಕಾದೆ. ಹೊರಗೆ ಹೆಂಗಸರು ಒಬ್ಬರಾದರೂ ಕೆಮ್ಮಲಿಲ್ಲ. ಆಮೇಲೆ ಅವಳ ಕೈ ಮುಟ್ಟಿದೆ. ತಣ್ಣಗಿತ್ತು, ಗಟ್ಟಿಯಾಗಿತ್ತು. ಲಿಂಗ ಬಿದ್ದಿರಲಿಲ್ಲ. ಮೊದಲು ಹೊಳೆದದ್ದು ಅದೇ. ಬಿದ್ದಿಲ್ಲವ್ವ, ನೋಡು ಎಂದು ಹೇಳಬೇಕೆನಿಸಿತು.

ಮುಂದಿನದೆಲ್ಲ ಬೇಗ ನಡೆಯಿತು. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡುವುದು, ಎಡಗೈಯಲ್ಲಿ ಲಿಂಗ ಇಟ್ಟು. ಸಾಮಾನ್ಯವಾಗಿ ಜೀವ ಹೋದ ಕೂಡಲೇ ಮೈ ಬಿಗಿಯುವ ಮುಂಚೆ ಗೋಡೆಗೆ ಕೂರಿಸಲು ಓಡಾಡುತ್ತಾರೆ. "ನಮಗೆ ಕೂರಿಸೋ ಕೆಲಸನೂ ಇಡ್ಲಿಲ್ಲ ತಾಯಿ" ಎಂದು ಎದುರುಮನೆಯ ಅಜ್ಜಿ ಅತ್ತಳು. ನಾನು, "ಒಂದು ಗಳಿಗೆ ಅವ್ವನ್ನ ಮಲಗಿಸಾನ" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಜೋರಾಗಿಯೇ ಹೇಳಿದೆ. "ಕುಂತು ಲಿಂಗೈಕ್ಯ ಆದೋರನ್ನ ಯಾರಾದ್ರೂ ಮಲಗಿಸ್ತಾರೇನವ್ವ?" ಎಂದರು ಅಯ್ಯನೋರು, ಮೆತ್ತಗೆ, ಮಗುವಿಗೆ ಹೇಳುವ ಹಾಗೆ. ಅಪ್ಪ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದ. ನ್ಯಾಮತಿಯಿಂದ, ಚನ್ನಗಿರಿಯಿಂದ ಜನ ಬಂದರು. ಅಷ್ಟು ಹೂವನ್ನು ಆ ಬೀದಿ ಮದುವೆಗೂ ನೋಡಿರಲಿಲ್ಲ. ಕೂತಂತೆಯೇ ಹೊತ್ತರು, ಕೂತಂತೆಯೇ ಗುಂಡಿಗೆ ಇಳಿಸಿದರು, ಸುತ್ತ ವಿಭೂತಿ ತುಂಬಿದರು. ನನಗೆ ಅಳು ಬರಲಿಲ್ಲ. ಮೈಯೊಳಗೆ ಏನೂ ಇರಲಿಲ್ಲ, ದುಃಖವೂ ಇರಲಿಲ್ಲ. ಮನೆಗೆ ಬಂದು ನಾನು ತಂದಿದ್ದ ಶೇಂಗಾ ಬಿಡಿಸುತ್ತಾ ಕೂತೆ. ಕಲ್ಲೆದೆಯವಳು ಎಂದು ಯಾರೋ ಅಂದದ್ದು ಕೇಳಿಸಿತು. ಇರಬಹುದು ಎಂದುಕೊಂಡೆ.

ಕಾರ್ಯ ಮುಗಿದು ನಾನು ಊರಿಗೆ ಹೊರಟ ದಿನ ಅಪ್ಪ ಬಸ್‌ಸ್ಟ್ಯಾಂಡಿನ ತನಕ ಬಂದ. ಖಾಲಿ ಚೀಲವನ್ನು ತಾನೇ ಹಿಡಿದುಕೊಂಡಿದ್ದ. ಬೆಂಚಿನ ಮೇಲೆ ಕೂತು, ನಾನು ಕೇಳದೆಯೇ ಮಾತಾಡಿದ.

"ಅವ್ರೆಲ್ಲ ಧ್ಯಾನ ಅಂತಾರೆ. ನಂಗೆ ಗೊತ್ತಿತ್ತು, ನಿದ್ದೆ ಅದು. ಈಟು ವರ್ಷ ಪಕ್ಕದಾಗೆ ಎದ್ದು ಕುಂತು ನೋಡೀನಿ. ಎಳೆದೆಳೆದು ಎಚ್ಚರ ಆಗೋಳು. ಅವತ್ತು ನಾನು ಸಂದೀಲಿ ನೋಡ್ದೆ. ಎಚ್ಚರಾನೇ ಆಗ್ವಲ್ಲಳು. ಗೊರಕೆನೂ ಇಲ್ಲ, ಒದ್ದಾಟನೂ ಇಲ್ಲ. ಇವತ್ತಾದ್ರೂ ಒಳ್ಳೆ ನಿದ್ದೆ ಹತ್ತೈತೆ, ಕುಂತಲ್ಲೇ ಆದ್ರೂ ಮಲಗ್ಲಿ ಪಾಪ ಅಂತ ಬಾಗ್ಲು ಮುಂದೆ ಮಾಡಿ ಕಾವಲು ಕುಂತೆ. ಯಾರೂ ಎಬ್ಬಿಸಬ್ಯಾಡ್ರಿ ಅಂದೆ." ಚೀಲವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ತಪ್ಪಾತೇನವ್ವ ನಂದು?"

"ಇಲ್ಲ ಬಿಡಪ್ಪ" ಎಂದೆ. ದಾವಣಗೆರೆ ಬಸ್ಸು ಬಂತು.